ವೃಂದಗಾನವೂ ನಮ್ಮ ಶಾಲೆಗಳೂ

ಸ್ಮರಣ ಸಂಚಿಕೆಗಳಲ್ಲಿ ಸಂಗೀತವನ್ನು ಕುರಿತು ಬರುವ ಲೇಖನಗಳು ಸಾಮಾನ್ಯವಾಗಿ ನಾದಬ್ರಹ್ಮನ ಸ್ತುತಿಯಿಂದ ಆರಂಭವಾಗಿ, ಗಾನಕ್ಕೆ ಶಿಶುವೂ ಪಶುವೂ ಮನಸೋಲುವುದೆಂಬ ಪ್ರಸಿದ್ಧವಾದ ಮಾತನ್ನು ಹಾದು, ಸಂಗೀತವು ಮೋಕ್ಷಸಾಧನವೆಂಬಲ್ಲಿಗೆ ಮುಗಿಯುತ್ತವೆ. ಆ ಹಾದಿಯನ್ನು ಈ ಲೇಖನದಲ್ಲಿ ಹಿಡಿಯುವುದಿಲ್ಲ. ಸಂಗೀತವು ದೊಡ್ಡದೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಸಂದೇಹವಿರುವುದು ಶಾಲೆಯಲ್ಲಿ ಅದು ಯಾರಿಗಾಗಿ ಇರಬೇಕೆಂಬ ವಿಷಯದಲ್ಲಿ. ಆರುನೂರು ಮಕ್ಕಳು ಕಲಿಯುವ ಒಂದು ಪ್ರೌಢಶಾಲೆಯಲ್ಲಿ ಹನ್ನೆರಡು ಮಂದಿ ಹಾಡುತ್ತಾರೆ, ಉಳಿದವರು ಕೈಕಟ್ಟಿ ಕೇಳುತ್ತಾರೆ. ಆ ಹನ್ನೆರಡು ಮಂದಿಗೆ ತಾಲೂಕು ಮಟ್ಟದಲ್ಲಿ ಬಹುಮಾನ ಬಂದರೆ ನಮ್ಮ ಶಾಲೆಯಲ್ಲಿ ಸಂಗೀತ ಶಿಕ್ಷಣವು ಚೆನ್ನಾಗಿ ನಡೆದಿದೆಯೆಂದು ವಾರ್ಷಿಕ ವರದಿಯಲ್ಲಿ ಬರೆಯುತ್ತೇವೆ. ಇದು ಶಿಕ್ಷಣವಲ್ಲ, ಆಯ್ಕೆ ಎಂಬುದು ನನ್ನ ಅಭಿಪ್ರಾಯ. ಸಮೂಹ ಗಾಯನವು ಎಲ್ಲ ಮಕ್ಕಳ ಪಾಠವಾಗಬೇಕು. ಕಂಠವಿದ್ದವರಿಗೆ ಮಾತ್ರ ಮೀಸಲಾದ ಪ್ರದರ್ಶನವಾಗಬಾರದು. ಇಷ್ಟನ್ನು ಹೇಳುವುದಕ್ಕೆ ಕಾರಣಗಳೂ ಉಂಟು, ಶಾಸ್ತ್ರಾಧಾರವೂ ಉಂಟು.

ಮೊದಲು ಈಗಿನ ಸ್ಥಿತಿಯನ್ನು ನೋಡೋಣ. ವಾರ್ಷಿಕ ಸ್ನೇಹ ಸಮ್ಮೇಳನವು ಹತ್ತಿರ ಬಂದಾಗ ಸಂಗೀತದ ನೆನಪಾಗುತ್ತದೆ. ಹಾರ್ಮೋನಿಯಂ ಪೆಟ್ಟಿಗೆಯ ಮೇಲಿನ ಧೂಳನ್ನು ಒರೆಸಲಾಗುತ್ತದೆ. ತರಗತಿಗಳಿಂದ ಮಕ್ಕಳನ್ನು ಕರೆಸಿ ಒಂದೊಂದು ಸಾಲು ಹಾಡಿಸಿ, "ನೀನು ನಿಲ್ಲು, ನೀನು ಹೋಗು" ಎಂದು ಬೇರ್ಪಡಿಸಲಾಗುತ್ತದೆ. ಸಾಲಿನಲ್ಲಿ ಎತ್ತರ ಸರಿಹೊಂದಲೆಂದೋ, ಉಡುಪು ಚೆನ್ನಾಗಿ ಕಾಣಲೆಂದೋ ಉಳಿಸಿಕೊಂಡ ಕೆಲವು ಮಕ್ಕಳಿಗೆ, "ನೀನು ಬಾಯಿ ಮಾತ್ರ ಆಡಿಸು, ದನಿ ತೆಗೆಯಬೇಡ" ಎಂಬ ಅಪ್ಪಣೆಯಾಗುತ್ತದೆ. ಇದು ಉತ್ಪ್ರೇಕ್ಷೆಯಲ್ಲ. ಕೆಲವು ವರ್ಷಗಳ ಹಿಂದೆ ಒಂದು ಸ್ಪರ್ಧೆಗೆ ತೀರ್ಪುಗಾರನಾಗಿ ಕುಳಿತಿದ್ದಾಗ ಹಿಂದಿನ ಸಾಲಿನ ಬಾಲಕಿಯೊಬ್ಬಳ ತುಟಿಗಳು ಉಳಿದವರಿಗಿಂತ ಅರ್ಧ ಮಾತ್ರೆ ತಡವಾಗಿ ಆಡುತ್ತಿದ್ದುದನ್ನು ಕಂಡೆ. ಹಾಡು ಮುಗಿದ ಮೇಲೆ ಕರೆದು ಕೇಳಿದರೆ, "ಗುರುಗಳು ಹಂಗ ಮಾಡಂತ ಹೇಳ್ಯಾರ್ರಿ" ಎಂದು ಸಂಕೋಚವಿಲ್ಲದೆ ಹೇಳಿದಳು. ಪ್ರಥಮ ಬಹುಮಾನವು ಆ ತಂಡಕ್ಕೇ ಹೋಯಿತು. ಸ್ವರ, ತಾಳ, ಉಚ್ಚಾರ, ವೇಷ ಎಂಬ ಅಂಕಣಗಳು ಪಟ್ಟಿಯಲ್ಲಿದ್ದವು; ಹಾಡದೆ ನಿಂತವರನ್ನು ಎಣಿಸುವ ಅಂಕಣವಿರಲಿಲ್ಲ.

ಕಾಗುಣಿತದಲ್ಲಿ ಎಡವುವ ಮಗುವಿಗೆ "ನಿನಗೆ ಅಕ್ಷರ ಒಲಿಯದು, ಪುಸ್ತಕ ಹಿಡಿದು ಕಣ್ಣು ಮಾತ್ರ ಆಡಿಸು" ಎಂದು ಯಾವ ಉಪಾಧ್ಯಾಯರೂ ಹೇಳುವುದಿಲ್ಲ. ಹೇಳಿದರೆ ಪಾಲಕರು ಸುಮ್ಮನಿರುವುದಿಲ್ಲ. ಹಾಡಿನ ವಿಷಯದಲ್ಲಿ ಮಾತ್ರ ಈ ಮಾತನ್ನು ನಿರಾತಂಕವಾಗಿ ಆಡುತ್ತೇವೆ. ಸ್ವರಗಳ ಏರಿಳಿತವನ್ನು ಗುರುತಿಸಲಾಗದ ನಿಜವಾದ ದೋಷವು ಹುಟ್ಟಿನಿಂದಲೇ ಇರುವವರು ನೂರರಲ್ಲಿ ನಾಲ್ವರನ್ನು ಮೀರುವುದಿಲ್ಲವೆಂದೂ, ಬಹುಶಃ ಒಬ್ಬಿಬ್ಬರೇ ಇರಬಹುದೆಂದೂ ಇದನ್ನು ಅಭ್ಯಸಿಸಿದ ವಿಜ್ಞಾನಿಗಳು ಹೇಳುತ್ತಾರೆ. ಉಳಿದ ತೊಂಬತ್ತಾರು ಮಂದಿಯಲ್ಲಿ ಅಪಸ್ವರ ಹಾಡುವವರು ಕಿವಿಯನ್ನು ಪಳಗಿಸಿಕೊಳ್ಳದವರು, ಅಷ್ಟೆ. ಪಳಗಿಸುವುದು ಗುರುವಿನ ಕೆಲಸ.

ವಿಚಾರ ಮಾಡಿದರೆ ನಮ್ಮ ಹಳ್ಳಿಗಳಲ್ಲಿ ಈ ಭೇದವೇ ಇರಲಿಲ್ಲ. ಸೋಬಾನೆಗೆ ಕುಳಿತ ಹೆಂಗಳೆಯರಲ್ಲಿ ಕಂಠದ ಪರೀಕ್ಷೆ ಮಾಡಿದವರುಂಟೆ? ಒಬ್ಬ ಹಿರಿಯಳು ನುಡಿ ಎತ್ತುತ್ತಾಳೆ, ಉಳಿದವರೆಲ್ಲ ಸೊಲ್ಲು ಹಿಡಿಯುತ್ತಾರೆ. ಮಡಿಲಲ್ಲಿ ಕುಳಿತ ಮಗುವೂ ಹಿಡಿಯುತ್ತದೆ. ಭಜನಾ ಮೇಳದಲ್ಲಿ ಮುಮ್ಮೇಳದವನು ಶರೀಫ ಸಾಹೇಬರ ಪದವನ್ನೆತ್ತಿದರೆ ಹಿಮ್ಮೇಳದಲ್ಲಿ ತಾಳ ಹಿಡಿದವನು, ದಪ್ಪು ಬಾರಿಸುವವನು, ಕಟ್ಟೆಯ ಕಂಬಕ್ಕೆ ಒರಗಿ ಕುಳಿತವನು ಎಲ್ಲರೂ ದನಿಗೂಡಿಸುತ್ತಾರೆ. ವರುಷಗಟ್ಟಲೆ ಹಾಗೆ ದನಿಗೂಡಿಸಿದವನಿಗೆ ತಾನಾಗಿಯೇ ಶ್ರುತಿ ಹತ್ತುತ್ತದೆ. ಬೀಸುವ ಕಲ್ಲಿನ ಮುಂದೆ ಇಬ್ಬರು ಕುಳಿತು ಹಾಡಿದ ತ್ರಿಪದಿಗಳಿಂದ ಕನ್ನಡದ ಜನಪದ ಸಾಹಿತ್ಯದ ಬಹು ದೊಡ್ಡ ಭಾಗವೇ ಉಳಿದುಬಂದಿದೆ. ಇಂಥ ಮನೆಯಿಂದ ಬಂದ ಮಗುವು ಶಾಲೆಯ ಹೊಸ್ತಿಲನ್ನು ದಾಟಿದ ಕೂಡಲೇ ತನಗೆ ಕಂಠವಿಲ್ಲವೆಂಬ ಹೊಸ ಸಂಗತಿಯನ್ನು ಕಲಿಯುತ್ತದೆ.

ಶಾಸ್ತ್ರದ ಮಾತಿಗೆ ಬರೋಣ. ಭಾರತೀಯ ಸಂಗೀತವೆಂದರೆ ಒಬ್ಬನೇ ಕುಳಿತು ಹಾಡುವ ಕಲೆ, ಕೂಡಿ ಹಾಡುವುದು ಪಾಶ್ಚಾತ್ಯರ ಪದ್ಧತಿ ಎಂಬ ಗ್ರಹಿಕೆಯು ವಿದ್ಯಾವಂತರಲ್ಲಿಯೂ ಬೇರೂರಿದೆ. ಇದು ಅರ್ಧಸತ್ಯ. ದೇವಗಿರಿಯ ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ೧೩ನೆಯ ಶತಮಾನದಲ್ಲಿ ರಚಿಸಿದ 'ಸಂಗೀತರತ್ನಾಕರ'ದಲ್ಲಿ ವೃಂದವನ್ನು ಕುರಿತೇ ಲಕ್ಷಣ ಹೇಳಿದ್ದಾನೆ. ಸೇವುಣರ ರಾಜ್ಯವು ನಮ್ಮ ಉತ್ತರ ಕರ್ನಾಟಕದ ಮೇಲೆ ಹಬ್ಬಿತ್ತು, ಅವರ ಕನ್ನಡ ಶಾಸನಗಳು ಹೇರಳವಾಗಿವೆ. ಮುಂದೆ ೧೫ನೆಯ ಶತಮಾನದಲ್ಲಿ ಈ ಗ್ರಂಥಕ್ಕೆ ಕಲ್ಲಿನಾಥನು ವ್ಯಾಖ್ಯಾನ ಬರೆದದ್ದು ವಿಜಯನಗರದಲ್ಲಿ. ಆದ್ದರಿಂದ ಇದು ನಮಗೆ ಪರಸ್ಥಳದ ಗ್ರಂಥವೇನಲ್ಲ. ಅದರಲ್ಲಿ ಉತ್ತಮ ವೃಂದಕ್ಕೆ ಕೊಟ್ಟ ಲೆಕ್ಕ ಇದು: ಮುಖ್ಯ ಗಾಯಕರು ೪, ಅವರಿಗೆ ಸಮನಾಗಿ ದನಿಗೂಡಿಸುವ ಗಾಯಕರು ೮, ಗಾಯಕಿಯರು ೧೨, ಕೊಳಲಿನವರು ೪, ಮದ್ದಳೆಯವರು ೪. ಒಟ್ಟು ೩೨ ಮಂದಿ, ಅವರಲ್ಲಿ ಹಾಡುವವರು ೨೪. ಇದರ ಅರ್ಧವಿದ್ದರೆ ಮಧ್ಯಮ. ಉತ್ತಮಕ್ಕಿಂತ ಹೆಚ್ಚು ಮಂದಿ ಸೇರಿದ ವೃಂದಕ್ಕೆ ಅವನು ಕೊಟ್ಟ ಹೆಸರು 'ಕೋಲಾಹಲ'! ಅದು ಪಾರಿಭಾಷಿಕ ಶಬ್ದವಿರಬಹುದು; ಆದರೂ ನಮ್ಮ ಶಾಲೆಗಳ ಬೆಳಗಿನ ಪ್ರಾರ್ಥನೆಯನ್ನು ಕೇಳಿದಾಗಲೆಲ್ಲ ಆ ಪಂಡಿತನಿಗೆ ಮುಂಗಾಣ್ಕೆಯಿತ್ತೆಂದೇ ನನಗೆ ತೋರುತ್ತದೆ.

ಸಂಖ್ಯೆಗಿಂತ ಮುಖ್ಯವಾದುದು ಅವನು ಹೇಳುವ ವೃಂದದ ಆರು ಗುಣಗಳು. ಮುಖ್ಯ ಗಾಯಕನನ್ನು ಅನುಸರಿಸುವುದು, ದನಿಗಳು ಒಂದರಲ್ಲೊಂದು ಬೆರೆಯುವುದು, ತಾಳದ ನಡೆಯನ್ನು ಬಿಡದಿರುವುದು, ಮಂದ್ರ ಮಧ್ಯ ತಾರಗಳಲ್ಲಿ ಸಂಚರಿಸುವ ಶಕ್ತಿ, ದನಿಗಳ ಬಣ್ಣದಲ್ಲಿ ಸಾದೃಶ್ಯ ಇವು ಐದು. ಇನ್ನೊಂದಕ್ಕೆ ಅವನು 'ಮಿಥಸ್ತ್ರುಟಿತನಿರ್ವಾಹ'ವೆಂದು ಹೆಸರಿಟ್ಟಿದ್ದಾನೆ. ಒಬ್ಬನ ದನಿ ಎಲ್ಲಿ ಕಡಿಯುವುದೋ ಅಲ್ಲಿ ಇನ್ನೊಬ್ಬನು ಅದನ್ನು ಹೊತ್ತು ಮುಂದಕ್ಕೆ ಸಾಗಿಸುವುದು ಎಂದರ್ಥ. ಒಬ್ಬನ ಉಸಿರು ಮುಗಿಯಿತು, ಪಕ್ಕದವನ ಉಸಿರು ಇನ್ನೂ ಇದೆ; ಕೇಳುವವರಿಗೆ ಹಾಡು ಕಡಿದದ್ದು ತಿಳಿಯಲೇ ಇಲ್ಲ. ಒಬ್ಬನೇ ಹಾಡುವವನಿಗೆ ಈ ಗುಣವನ್ನು ಅಭ್ಯಾಸ ಮಾಡುವ ಅವಕಾಶವೇ ಇಲ್ಲ. ಗಣಿತದಲ್ಲಿ ಪಕ್ಕದವನ ಉತ್ತರವನ್ನು ನೋಡಿದರೆ ಅದು ನಕಲು. ಓಟದಲ್ಲಿ ಪಕ್ಕದವನನ್ನು ಹಿಂದೆ ಹಾಕಿದರೆ ಅದು ಗೆಲವು. ಪಕ್ಕದವನ ಕೊರತೆಯನ್ನು ತಾನು ತುಂಬಿ, ತನ್ನ ಕೊರತೆಯನ್ನು ಅವನಿಂದ ತುಂಬಿಸಿಕೊಂಡು, ಇದನ್ನು ಯಾರೂ ಲೆಕ್ಕವಿಡದೆ ಮುಂದೆ ಸಾಗುವ ಪಾಠವು ಶಾಲೆಯ ವೇಳಾಪಟ್ಟಿಯಲ್ಲಿ ಇದೊಂದೇ ಎಂದು ಕಾಣುತ್ತದೆ. ದುರ್ಬಲ ಕಂಠದ ಮಗುವನ್ನು ತಂಡದಿಂದ ತೆಗೆದುಹಾಕುವವರು ವೃಂದದ ಈ ಲಕ್ಷಣವನ್ನೇ ತೆಗೆದುಹಾಕುತ್ತಾರೆ.

ಇನ್ನು ಕಲಿಸುವ ಕ್ರಮದ ಬಗ್ಗೆ ಕೆಲವು ಮಾತು. ಮಕ್ಕಳಿಗೆ ಕಂಠವಿಲ್ಲವೆಂದು ನಾವು ತಿಳಿಯುವ ಸಂದರ್ಭಗಳಲ್ಲಿ ಹೆಚ್ಚಿನವು ಶ್ರುತಿಯ ಆಯ್ಕೆಯಲ್ಲಾದ ಅವಿಚಾರದಿಂದ ಹುಟ್ಟಿದವು. ಸಂಗೀತದ ಮಾಸ್ತರರು ಗಂಡಸರು. ಅವರ ಶ್ರುತಿ ಕಪ್ಪು ಒಂದು ಅಥವಾ ಬಿಳಿ ಎರಡು. ಹಾರ್ಮೋನಿಯಂ ಮೇಲೆ ತಮ್ಮ ಷಡ್ಜವನ್ನು ಹಿಡಿದು ತಮಗೆ ಬಂದ ಹಾಡನ್ನೇ ಹೇಳಿಕೊಡುತ್ತಾರೆ. ಆ ಹಾಡು ಮಂದ್ರ ಪಂಚಮಕ್ಕೆ ಇಳಿದಾಗ ಮಕ್ಕಳ ದನಿ ಗೊಣಗಾಗಿ ಅಡಗುತ್ತದೆ, ತಾರ ಮಧ್ಯಮಕ್ಕೆ ಏರಿದಾಗ ಕಿರಿಚಾಟವಾಗುತ್ತದೆ. ಹತ್ತು ಹನ್ನೆರಡು ವರ್ಷದ ಮಕ್ಕಳ ಕಂಠವು ಸುಖವಾಗಿ ಓಡಾಡುವ ಕ್ಷೇತ್ರವು ಒಂದು ಸ್ಥಾಯಿ, ಅದರ ಆಚೆ ಈಚೆ ಒಂದೆರಡು ಸ್ವರ. ಅದಕ್ಕಿಂತ ಹೆಚ್ಚನ್ನು ಎಲ್ಲರಿಂದಲೂ ನಿರೀಕ್ಷಿಸಲಾಗದು. ಆದ್ದರಿಂದ ಹಾಡಿನ ಅತ್ಯಂತ ಕೆಳಗಿನ ಸ್ವರ ಯಾವುದು, ಅತ್ಯಂತ ಮೇಲಿನದು ಯಾವುದು ಎಂಬುದನ್ನು ಮೊದಲು ನೋಡಿ, ಎರಡೂ ಮಕ್ಕಳಿಗೆ ಎಟುಕುವಂತೆ ಷಡ್ಜವನ್ನು ಇಡಬೇಕು. ಹಾಗೆ ಇಡಲು ಸಾಧ್ಯವಾಗದ ಹಾಡು ಎಷ್ಟೇ ಇಂಪಾಗಿದ್ದರೂ ಅದು ಶಾಲೆಯ ಹಾಡಲ್ಲ. ಭೂಪ, ದುರ್ಗಾ ಮುಂತಾದ ಐದು ಸ್ವರಗಳ ರಾಗಗಳು ಇದಕ್ಕೆ ಒದಗುವಷ್ಟು ಸಂಕೀರ್ಣ ರಾಗಗಳು ಒದಗುವುದಿಲ್ಲ. ಹಾರ್ಮೋನಿಯಂನ ಬಗ್ಗೆಯೂ ಒಂದು ಮಾತು. ಆಕಾಶವಾಣಿಯವರು ೧೯೪೦ರಿಂದ ೧೯೭೧ರವರೆಗೆ ಆ ವಾದ್ಯವನ್ನು ತಮ್ಮ ನಿಲಯಗಳಿಂದ ದೂರವಿಟ್ಟಿದ್ದರು. ಅಷ್ಟು ಕಠಿಣವಾಗುವ ಅವಶ್ಯಕತೆ ಶಾಲೆಗಿಲ್ಲ. ಆದರೆ ಪ್ರತಿಯೊಂದು ಸ್ವರವನ್ನೂ ಪೆಟ್ಟಿಗೆಯೇ ನುಡಿಸಿದರೆ ಮಕ್ಕಳು ಪೆಟ್ಟಿಗೆಯ ಬೆನ್ನು ಹತ್ತುತ್ತಾರೆ, ಒಬ್ಬರನ್ನೊಬ್ಬರು ಕೇಳುವುದಿಲ್ಲ. ಷಡ್ಜ ಪಂಚಮಗಳನ್ನು ಹಿಡಿದು ಉಳಿದುದನ್ನು ಕಂಠಕ್ಕೇ ಬಿಡುವುದು ಒಳ್ಳೆಯದು. ತಂಬೂರಿಯಂತೂ ಇಂದು ಕಿಸೆಯಲ್ಲಿಯ ಮೊಬೈಲಿನಲ್ಲಿಯೇ ದೊರೆಯುತ್ತದೆ.

ಎಂಟನೆಯ, ಒಂಬತ್ತನೆಯ ತರಗತಿಯ ಹುಡುಗರ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಹದಿಮೂರು ಹದಿನಾಲ್ಕರ ಪ್ರಾಯದಲ್ಲಿ ಗಂಡುಮಕ್ಕಳ ದನಿ ಒಡೆಯುತ್ತದೆ. ನಿನ್ನೆಯವರೆಗೆ ಕೊಳಲಿನಂತಿದ್ದ ಕಂಠವು ಇಂದು ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಜಾರುತ್ತದೆ. ಸಹಪಾಠಿಗಳು ನಗುತ್ತಾರೆ, ಮಾಸ್ತರರು ತಂಡದಿಂದ ಬಿಡುತ್ತಾರೆ, ಹುಡುಗನು ಬಾಯಿ ಮುಚ್ಚಿದವನು ಜನ್ಮದಲ್ಲಿ ಮತ್ತೆ ತೆರೆಯುವುದಿಲ್ಲ. ಮದುವೆ ಮನೆಯಲ್ಲಿ, ಜಾತ್ರೆಯಲ್ಲಿ, ರಾಷ್ಟ್ರಗೀತೆಯ ಹೊತ್ತಿನಲ್ಲಿಯೂ ತುಟಿ ಬಿಗಿಹಿಡಿದು ನಿಲ್ಲುವ ಗಂಡಸರನ್ನು ನೋಡಿದಾಗ ಅವರ ಹಾಡು ನಿಂತದ್ದು ಎಂಟನೆಯ ತರಗತಿಯಲ್ಲಿಯೇ ಇರಬೇಕೆಂದು ಅನಿಸುತ್ತದೆ. ಈ ಅವಸ್ಥೆ ಕೆಲವು ತಿಂಗಳುಗಳದು, ಹೆಚ್ಚೆಂದರೆ ಒಂದೆರಡು ವರ್ಷಗಳದು. ಆ ಕಾಲದಲ್ಲಿ ಹುಡುಗನನ್ನು ಮೇಲಿನ ಸ್ವರಗಳಿಗೆ ಒತ್ತಾಯಿಸದೆ, ಕೆಳಗಿನ ಸ್ಥಾಯಿಯಲ್ಲಿ ಮೆಲ್ಲನೆ ಹಾಡಲು ಬಿಟ್ಟು, ಇದು ರೋಗವಲ್ಲ, ಬೆಳವಣಿಗೆ ಎಂದು ಒಂದು ಮಾತು ಹೇಳಿದರೆ ಸಾಕು.

ಈಗ ನನ್ನ ಸ್ವಂತ ಕ್ಷೇತ್ರಕ್ಕೆ ಬರುತ್ತೇನೆ. ಕನ್ನಡ ಪಂಡಿತನಿಗೆ ಹಾಡಿನ ಗೊಡವೆ ಏಕೆಂದು ಕೇಳುವವರಿದ್ದಾರೆ. ಭಾಷೆಯ ಪಾಠವೂ ಹಾಡಿನ ಪಾಠವೂ ನಮ್ಮಲ್ಲಿ ಬೇರೆಯಾದದ್ದು ಇತ್ತೀಚೆಗೆ. ಭಾಮಿನಿ ಷಟ್ಪದಿಯ ಮಾತ್ರಾಗಣಗಳು ಮೂರು ನಾಲ್ಕು ಮೂರು ನಾಲ್ಕು ಎಂಬ ನಡೆಯವು. ಇದನ್ನು ಕಪ್ಪುಹಲಗೆಯ ಮೇಲೆ ಪ್ರಸ್ತಾರ ಹಾಕಿ, ಲಘು ಗುರುಗಳ ಗೆರೆ ಎಳೆದು ವಿವರಿಸಲು ಎರಡು ತಾಸು ಬೇಕು. ಮರುದಿನ ಅರ್ಧ ತರಗತಿ ಮರೆತಿರುತ್ತದೆ. ಅದೇ ಪದ್ಯವನ್ನು ಹಿಂದೂಸ್ತಾನಿ ಪದ್ಧತಿಯ ಏಳು ಮಾತ್ರೆಗಳ ರೂಪಕಕ್ಕೆ ಹೊಂದಿಸಿ ನಲವತ್ತು ಮಕ್ಕಳಿಂದ ಕೈತಟ್ಟಿಸಿ ಹಾಡಿಸಿದರೆ ಗಣವಿಭಾಗವು ಅಂಗೈಯಲ್ಲಿ ಕುಳಿತುಬಿಡುತ್ತದೆ. ಐದೈದರ ಗಣವುಳ್ಳ ವಾರ್ಧಕಕ್ಕೆ ಝಪ್ತಾಲ, ನಾಲ್ಕರ ಶರ ಷಟ್ಪದಿಗೆ ಕೇರವಾ, ಮೂರರ ಭೋಗಕ್ಕೆ ದಾದರಾ ಹೊಂದುತ್ತವೆ. ಭೀಮಕವಿಯು ೧೩೬೯ರಲ್ಲಿ ಭಾಮಿನಿಯಲ್ಲಿ ಬರೆದ ಬಸವಪುರಾಣವಾಗಲಿ, ವಿರೂಪಾಕ್ಷ ಪಂಡಿತನು ವಾರ್ಧಕದಲ್ಲಿ ಬರೆದ ಚೆನ್ನಬಸವಪುರಾಣವಾಗಲಿ ಮಠಮಾನ್ಯಗಳಲ್ಲಿ ಶತಮಾನಗಳ ಕಾಲ ಉಳಿದದ್ದು ಹಾಡಿ ಕೇಳಿಸಿದ್ದರಿಂದ, ಕಣ್ಣಿನಲ್ಲಿ ಓದಿದ್ದರಿಂದಲ್ಲ. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಛಂದಸ್ಸಿನ ಪ್ರಶ್ನೆಗೆ ಹೆದರುವ ಮಕ್ಕಳ ಪಾಲಕರು ಹಾಡಿನ ಪಿರಿಯಡ್ಡನ್ನು ವ್ಯರ್ಥವೆಂದು ತಿಳಿಯುವುದನ್ನು ಕಂಡರೆ ನಗಬೇಕೋ ಅಳಬೇಕೋ ತಿಳಿಯದು.

ಉಚ್ಚಾರದ ಪ್ರಯೋಜನವು ಇದಕ್ಕಿಂತಲೂ ದೊಡ್ಡದು. ತರಗತಿಯಲ್ಲಿ ಒಬ್ಬೊಬ್ಬರನ್ನೇ ಎಬ್ಬಿಸಿ ಓದಿಸಿದಾಗ 'ಭಕ್ತಿ'ಯನ್ನು 'ಬಕ್ತಿ'ಯೆಂದೂ, 'ಹಣೆ'ಯನ್ನು 'ಅಣೆ'ಯೆಂದೂ, 'ಶಂಕರ'ನನ್ನು 'ಸಂಕರ'ನೆಂದೂ ಓದುವ ಮಗುವನ್ನು ತಿದ್ದಿದರೆ ಅದಕ್ಕೆ ಅಪಮಾನವಾಗುತ್ತದೆ. ಮಹಾಪ್ರಾಣ ಹತ್ತದಿರುವುದು ಮಗುವಿನ ಅಪರಾಧವಲ್ಲ, ಅದರ ಮನೆಯ ಮಾತಿನಲ್ಲಿ ಆ ಅಕ್ಷರವೇ ಇಲ್ಲ. ಆದರೆ ನಲವತ್ತು ದನಿಗಳ ನಡುವೆ ಒಂದಾಗಿ ಹಾಡುವಾಗ ಅದೇ ಮಗುವು ಯಾರೂ ಬೆರಳು ತೋರಿಸದೆ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಹಾಡಿನಲ್ಲಿ ಅಕ್ಷರವು ದೀರ್ಘವಾಗಿ ನಿಲ್ಲುವುದರಿಂದ ಅದು ಕಿವಿಗೆ ಸ್ಪಷ್ಟವಾಗಿ ಬೀಳುತ್ತದೆ. ನನ್ನ ಅನುಭವದಲ್ಲಿ ಒಂದು ವರ್ಷದ ಸಮೂಹ ಗಾಯನವು ಉಕ್ತಲೇಖನದಲ್ಲಿ ಮಾಡುವ ಸುಧಾರಣೆಯನ್ನು ಕೆಂಪು ಶಾಯಿಯು ಮಾಡಲಾರದು.

ಆದರೆ ಇದಕ್ಕೆ ಒಂದು ನಿಬಂಧನೆಯಿದೆ. ಹಾಡಿಸುವವರಿಗೆ ಅರ್ಥ ತಿಳಿದಿರಬೇಕು. ವಚನಗಳನ್ನು ಸಾಮೂಹಿಕವಾಗಿ ಹಾಡಿಸುವಾಗ ಇದರ ಅವಶ್ಯಕತೆ ಇಮ್ಮಡಿಯಾಗುತ್ತದೆ. ವಚನವು ಷಟ್ಪದಿಯಂತೆ ಗಣಬದ್ಧವಲ್ಲ. ಅದರ ಲಯವು ಮಾತಿನ ಲಯ, ವಾಕ್ಯದ ಲಯ. ತಾಳದ ಆವರ್ತ ಮುಗಿಯಿತೆಂದು ಶಬ್ದವನ್ನು ನಡುವೆ ತುಂಡರಿಸಿದರೆ ಅರ್ಥವು ಅಲ್ಲಿಯೇ ಬಿದ್ದುಹೋಗುತ್ತದೆ. ಕೂಡಲಸಂಗಮದೇವನೆಂಬ ಅಂಕಿತವನ್ನೇ 'ಕೂಡಲಸಂ' ಎಂದು ನಿಲ್ಲಿಸಿ, ಉಸಿರೆಳೆದುಕೊಂಡು, 'ಗಮದೇವ' ಎಂದು ಎತ್ತುವುದನ್ನು ವೇದಿಕೆಗಳ ಮೇಲೆ ಕೇಳಿದ್ದೇನೆ. ಸಂಗಮವು ಎರಡಾಯಿತು! ಹಾಡು ಕಲಿಸುವ ಮೊದಲು ವಚನವನ್ನು ಎರಡು ಸಲ ಗದ್ಯವಾಗಿ ಓದಿಸಿ, ಎಲ್ಲಿ ನಿಲ್ಲಬೇಕು, ಯಾವ ಪದದ ಮೇಲೆ ಒತ್ತು ಬೀಳಬೇಕು ಎಂಬುದನ್ನು ಭಾಷಾ ಶಿಕ್ಷಕರು ಗುರುತು ಮಾಡಿಕೊಡಬೇಕು, ಅನಂತರ ಸಂಗೀತ ಶಿಕ್ಷಕರು ಸ್ವರ ಹಚ್ಚಬೇಕು. ನಾಡಗೀತೆಯಾದ 'ಜಯ ಭಾರತ ಜನನಿಯ ತನುಜಾತೆ'ಯನ್ನು ದಿನವೂ ಹಾಡುವ ಮಕ್ಕಳಲ್ಲಿ 'ತನುಜಾತೆ'ಯೆಂದರೆ ಮಗಳೆಂದು ಎಷ್ಟು ಮಂದಿಗೆ ತಿಳಿದಿದೆಯೆಂದು ಓದುಗ ಉಪಾಧ್ಯಾಯರು ನಾಳೆ ತಮ್ಮ ತರಗತಿಯಲ್ಲಿ ಕೇಳಿ ನೋಡಬಹುದು.

ಮಲ್ಲಿಕಾರ್ಜುನ ಮನ್ಸೂರರೂ ಬಸವರಾಜ ರಾಜಗುರುಗಳೂ ಸಿದ್ಧರಾಮ ಜಂಬಲದಿನ್ನಿಯವರೂ ವಚನ ಗಾಯನಕ್ಕೆ ತಂದ ಘನತೆ ದೊಡ್ಡದು. ಅವರನ್ನು ಕೇಳಿ ಬೆಳೆದ ನಮ್ಮ ಮಾಸ್ತರರಿಗೆ ಮಕ್ಕಳಿಂದಲೂ ಆಲಾಪ ತಾನುಗಳನ್ನು ಹೇಳಿಸುವ ಆಸೆಯಾಗುವುದು ಸಹಜ. ನಲವತ್ತು ಮಂದಿ ಕೂಡಿ ತಾನು ಹೊಡೆಯುವುದನ್ನು ಕೇಳುವುದು ಯಾರಿಗೂ ಹಿತವಲ್ಲ. ಅದು ಪಳಗಿದ ಒಂಟಿ ಕಂಠದ ವೈಭವ. ಸಮೂಹಕ್ಕೆ ಮಧ್ಯಲಯ, ಸರಳ ಸಂಚಾರ, ಸ್ಪಷ್ಟವಾದ ಮಾತು ಇಷ್ಟೇ ಸಾಕು.

ಇಲ್ಲಿ ಇನ್ನೊಂದು ಆಕ್ಷೇಪವು ಬರುವುದುಂಟು. ತನಗೆ ತಾಳವೂ ತಿಳಿಯದು, ಗಣಗಳ ಲೆಕ್ಕವೂ ತಿಳಿಯದು ಎಂಬರ್ಥದ ಬಸವಣ್ಣನವರ ವಚನವನ್ನು ಮುಂದಿಟ್ಟು, ಭಕ್ತಿಯಿಂದ ಹಾಡಿದರೆ ಸಾಕು, ಶ್ರುತಿಲಯಗಳ ಹಂಗೇಕೆ ಎಂದು ಕೆಲವರು ಕೇಳುತ್ತಾರೆ. ಅದು ವಿನಯದ ಮಾತು. ಆ ವಚನವು ಗಣಗಳನ್ನು ಹೆಸರು ಹಿಡಿದು ಕರೆಯುತ್ತದೆಂಬುದನ್ನು ಇವರು ಗಮನಿಸಿದಂತಿಲ್ಲ. ಹೆಸರು ಬಲ್ಲವನು ಅರಿಯೆನೆಂದರೆ ಅದಕ್ಕೊಂದು ತೂಕವಿದೆ, ಹೆಸರೂ ಅರಿಯದವನು ಅರಿಯೆನೆಂದರೆ ಅದು ಕೇವಲ ಸತ್ಯಕಥನ. ಶರಣರ ಹೆಸರಿನಲ್ಲಿ ರಾಗಗಳ ಉಲ್ಲೇಖದೊಡನೆ ಉಳಿದುಬಂದ ಸ್ವರವಚನಗಳನ್ನು ನೋಡಿದರೆ ಆ ಪರಂಪರೆಯು ಸಂಗೀತವನ್ನು ಹಗುರವಾಗಿ ಕಂಡಿಲ್ಲವೆಂಬುದು ಸ್ಪಷ್ಟ.

ವಿರಕ್ತ ಮಠಗಳು ಸಂಗೀತಕ್ಕೆ ಮಾಡಿದ ಸೇವೆಯನ್ನು ಈ ಸಂಚಿಕೆಯ ಓದುಗರಿಗೆ ವಿವರಿಸಬೇಕಾದುದಿಲ್ಲ. ೧೯೦೯ರಲ್ಲಿ ಬಾದಾಮಿಯ ಬಳಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರ ಸ್ವಾಮಿಗಳ ಕೃಪಾಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (೧೮೯೨–೧೯೪೪) ಕರ್ನಾಟಕ, ಹಿಂದೂಸ್ತಾನಿ ಎರಡೂ ಪದ್ಧತಿಗಳಲ್ಲಿ ಪಾರಂಗತರಾಗಿ, ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಬಾಲಕರಿಗೆ ಅನ್ನವನ್ನೂ ನಾದವನ್ನೂ ಇಕ್ಕಿದರು. ಅವರ ತರುವಾಯ ಪುಟ್ಟರಾಜ ಗವಾಯಿಗಳು ೨೦೧೦ರಲ್ಲಿ ಲಿಂಗೈಕ್ಯರಾಗುವವರೆಗೆ ಅದನ್ನೇ ನಡೆಸಿದರು. ಲೋಕವು ಯಾವ ವಿದ್ಯೆಗೂ ಒದಗರೆಂದು ಬದಿಗಿಟ್ಟ ಮಕ್ಕಳು ಅಲ್ಲಿ ವಿದ್ವಾಂಸರಾದರು. ಅಂಥ ಉದಾಹರಣೆಯು ಕಣ್ಣೆದುರಿಗಿರುವಾಗ, ಕಣ್ಣು ಕಿವಿ ನೆಟ್ಟಗಿರುವ ನಮ್ಮ ಮಕ್ಕಳನ್ನು ಸಂಗೀತಕ್ಕೆ ಒದಗರೆಂದು ಬದಿಗಿಡಲು ನಮಗೇನು ಅಧಿಕಾರ?

ಕೂಡಿ ಹಾಡಿದ ಹಾಡಿನ ಶಕ್ತಿಯನ್ನು ನಮ್ಮ ನಾಡು ಬಲ್ಲದು. ೧೯೨೪ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹುಯಿಲಗೋಳ ನಾರಾಯಣರಾಯರ 'ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು' ಗೀತೆಯು ಮೊಳಗಿತು. ಅದೇ ಅಧಿವೇಶನದಲ್ಲಿ ಸ್ವಾಗತ ಗೀತೆ ಹಾಡಿದವರಲ್ಲಿ ಹನ್ನೊಂದರ ಪ್ರಾಯದ ಗಂಗೂಬಾಯಿ ಹಾನಗಲ್ಲರಿದ್ದರು. ಮದರಾಸಿನಲ್ಲಿ ಯುವ ಗಾಯಕ ವೃಂದವನ್ನು ಕಟ್ಟಿದ ಎಂ. ಬಿ. ಶ್ರೀನಿವಾಸನ್ ಅವರು ೧೯೮೮ರಲ್ಲಿ ತೀರಿಕೊಳ್ಳುವ ಮುನ್ನ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತಿನ ಮೂಲಕ ದೇಶದ ಶಾಲಾ ಶಿಕ್ಷಕರಿಗೆ ಹಲವು ಭಾಷೆಗಳ ಸಮೂಹ ಗೀತೆಗಳನ್ನು ಕಲಿಸಿದರು. ಹಂಗೇರಿ ದೇಶದಲ್ಲಿ ಕೋದಾಯ್ ಎಂಬ ಸಂಗೀತಗಾರನ ಪ್ರೇರಣೆಯಿಂದ ೧೯೫೦ರಲ್ಲಿ ದಿನವೂ ಹಾಡಿನ ಪಾಠವಿರುವ ಪ್ರಾಥಮಿಕ ಶಾಲೆಯೊಂದು ಆರಂಭವಾಗಿ, ಮಾತೃಭಾಷೆಯ ಜನಪದ ಗೀತೆಗಳಿಂದಲೇ ಸಂಗೀತವನ್ನು ಕಲಿಸುವ ಕ್ರಮವು ಅ ದೇಶದಲ್ಲೆಲ್ಲ ಹರಡಿತು. ಅಷ್ಟು ದೂರ ಹೋಗಬೇಕಾದುದೂ ಇಲ್ಲ. ಶ್ರೀಮಠದ ಪ್ರಸಾದ ನಿಲಯದ ಮಕ್ಕಳು ಸಾಯಂಕಾಲ ಕೂಡಿ ಕುಳಿತು ಮಾಡುವ ಪ್ರಾರ್ಥನೆಯಲ್ಲಿ ಯಾರನ್ನೂ ಬಾಯಿ ಮುಚ್ಚೆಂದು ಹೇಳುವುದಿಲ್ಲ. ಮನೆಯಿಂದ ಬರುವ ಮಕ್ಕಳಿಗಿಂತ ನಿಲಯದ ಮಕ್ಕಳು ಬೇಗ ಹಾಡು ಹಿಡಿಯುವುದಕ್ಕೆ ಇದೇ ಕಾರಣವಿರಬೇಕು.

ವೇಳೆ ಎಲ್ಲಿದೆ ಎಂಬುದು ಮುಖ್ಯೋಪಾಧ್ಯಾಯರ ಪ್ರಶ್ನೆ, ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಲೆಕ್ಕದಿಂದಲೇ ಉತ್ತರ ಕೊಡಬಹುದು. ರಾಷ್ಟ್ರಗೀತೆಗೆ ೫೨ ಸೆಕೆಂಡು. ಮೈಸೂರು ಅನಂತಸ್ವಾಮಿಯವರ ಧಾಟಿಯ ನಾಡಗೀತೆಗೆ ೨೦೨೨ರಲ್ಲಿ ಸರಕಾರವು ನಿಗದಿಪಡಿಸಿದ ಅವಧಿ ೨ ನಿಮಿಷ ೩೦ ಸೆಕೆಂಡು. ಎರಡೂ ಕೂಡಿ ೩ ನಿಮಿಷ ೨೨ ಸೆಕೆಂಡು. ವರ್ಷಕ್ಕೆ ೨೨೦ ದಿನ ಶಾಲೆ ನಡೆದರೆ ಇದು ಹನ್ನೆರಡು ತಾಸಿಗೂ ಮಿಕ್ಕಿತು. ಅಂದರೆ ಸಂಗೀತ ಶಿಕ್ಷಕರೇ ಇಲ್ಲದ ಶಾಲೆಯಲ್ಲಿಯೂ ವರ್ಷಕ್ಕೆ ಹನ್ನೆರಡು ತಾಸಿನ ಸಂಗೀತ ಪಾಠವು ಈಗಾಗಲೇ ವೇಳಾಪಟ್ಟಿಯಲ್ಲಿದೆ. ಅದನ್ನು ನಾವು ಏನು ಮಾಡಿದ್ದೇವೆ? ಧ್ವನಿವರ್ಧಕಕ್ಕೆ ಮೊಬೈಲನ್ನು ಜೋಡಿಸಿ, ಬೇರೆ ಯಾರೋ ಹಾಡಿದ್ದನ್ನು ಅಂಗಳದ ತುಂಬ ಹರಿಯಬಿಟ್ಟು, ಮಕ್ಕಳನ್ನು ಸಾವಧಾನದಲ್ಲಿ ನಿಲ್ಲಿಸಿದ್ದೇವೆ. ಹಲವು ಶಾಲೆಗಳ ಅಂಗಳದಲ್ಲಿ ಇದನ್ನು ಕಂಡಿದ್ದೇನೆ. ನಮ್ಮಲ್ಲಿಯೂ ಎರಡು ವರ್ಷಗಳಿಂದ ಇದೇ ರೂಢಿಯಾಗಿದೆ. ಶ್ರುತಿ ತಪ್ಪುವುದಿಲ್ಲ, ವೇಳೆ ಮೀರುವುದಿಲ್ಲ, ಅತಿಥಿಗಳ ಮುಂದೆ ಮುಜುಗರವಿಲ್ಲವೆಂಬುದು ಇದರ ಸಮರ್ಥನೆ. ಶ್ರುತಿ ತಪ್ಪುವುದಿಲ್ಲ, ನಿಜ. ಹಾಡದವರ ಶ್ರುತಿ ಎಂದೂ ತಪ್ಪಿಲ್ಲ. ಸ್ನೇಹ ಸಮ್ಮೇಳನದ ಸಮೂಹ ಗಾನಕ್ಕೂ ಈಗ ಮುದ್ರಿತ ಧ್ವನಿಯೇ ಬಂದು, ಮುಂದಿನ ಸಾಲಿನ ಹನ್ನೆರಡು ಮಂದಿಯೂ ಬಾಯಿ ಮಾತ್ರ ಆಡಿಸುವ ಸ್ಥಿತಿ ತಲುಪಿದೆ. ಅಷ್ಟರ ಮಟ್ಟಿಗೆ ಸಮಾನತೆ ಬಂದಿತೆಂದು ಸಮಾಧಾನಪಟ್ಟುಕೊಳ್ಳಬೇಕೇನೋ.

ಆಡಳಿತ ಮಂಡಳಿಯವರಲ್ಲಿ ನನ್ನ ಬಿನ್ನಹವು ದೊಡ್ಡದಲ್ಲ. ಬರುವ ಜೂನ್ ತಿಂಗಳಿನಿಂದ ಪ್ರಾರ್ಥನೆಯ ವೇಳೆಗೆ ಮುದ್ರಿತ ಧ್ವನಿಯನ್ನು ನಿಲ್ಲಿಸಬೇಕು. ಮೊದಲ ತಿಂಗಳು ಕೋಲಾಹಲವಾಗಲಿ, ಅಡ್ಡಿಯಿಲ್ಲ. ಆರುನೂರು ಮಂದಿಗೆ ಒಟ್ಟಿಗೆ ಕಲಿಸುವುದು ಅಸಾಧ್ಯವಾದ್ದರಿಂದ ತರಗತಿವಾರು ವಾರಕ್ಕೆ ಒಂದು ಪಿರಿಯಡ್ಡು ಕೊಟ್ಟು, ಪ್ರತಿಯೊಂದು ತರಗತಿಯನ್ನೂ ಒಂದು ವೃಂದವೆಂದು ತಿಳಿದು, ವರ್ಷಕ್ಕೆ ಎಂಟು ಹಾಡು ಸಾಕು: ಎರಡು ವಚನ, ಎರಡು ಷಟ್ಪದಿ, ಒಂದು ತತ್ವಪದ, ಒಂದು ಜನಪದ ಗೀತೆ, ಉಳಿದೆರಡು ಮಕ್ಕಳೇ ಆರಿಸಿಕೊಂಡವು. ಒಂಬತ್ತು, ಹತ್ತನೆಯ ತರಗತಿಗಳಿಗೂ ಇದು ಇರಬೇಕು. ಪರೀಕ್ಷೆಯ ಹೆಸರಿನಲ್ಲಿ ಮೊದಲು ಕೊಯ್ದುಹಾಕುವುದು ಇದನ್ನೇ. ಆ ನಲವತ್ತು ನಿಮಿಷಗಳಿಂದ ಫಲಿತಾಂಶವು ಏರಿದ್ದನ್ನು ಈವರೆಗೆ ಯಾರೂ ತೋರಿಸಿಕೊಟ್ಟಿಲ್ಲ. ಸ್ಪರ್ಧೆಗಳಿಗೆ ತಂಡ ಹೋಗಲಿ, ಬಹುಮಾನ ತರಲಿ. ಆದರೆ ಶಾಲೆಯ ಅಂಗಳದಲ್ಲಿ ಹಾಡುವಾಗ ಆಯ್ಕೆ ಬೇಡ.

ಕಡೆಯದಾಗಿ ಶಿಕ್ಷಕರ ಮಾತು. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ, ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಿರಬೇಕೆಂದು ಹೇಳಿದೆ. ಕಾಯಿದೆಯಲ್ಲಿಯ 'ಕಲೆ' ಎಂಬುದು ಬಹಳ ಕಡೆಗಳಲ್ಲಿ ಚಿತ್ರಕಲೆಯಷ್ಟೇ ಆಗಿ ಉಳಿದಿದೆ. ಸಂಗೀತ ಬಲ್ಲವರನ್ನು ಸ್ನೇಹ ಸಮ್ಮೇಳನಕ್ಕೆ ಮೂರು ವಾರ ಮುಂಚೆ ಕರೆಸಿ, ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು ಬೀಳ್ಕೊಡುವುದು ಮರ್ಯಾದೆಯಂತೆ ಕಾಣುತ್ತದೆ. ಆದರೆ ಶಾಲಿನಿಂದ ಅವರ ಮನೆಯ ಒಲೆ ಉರಿಯುವುದಿಲ್ಲ, ಮೂರು ವಾರಗಳಲ್ಲಿ ಯಾವ ಮಗುವಿನ ಕಿವಿಯೂ ಪಳಗುವುದಿಲ್ಲ. ನಮ್ಮ ತಾಲೂಕಿನಲ್ಲಿಯೇ ಪರೀಕ್ಷೆಗಳಲ್ಲಿ ಉತ್ತೀರ್ಣರಾಗಿ, ಮದುವೆಯ ಮಂಟಪಗಳಲ್ಲಿ ಹಾಡಿ ದಿನ ನೂಕುತ್ತಿರುವ ತರುಣ ಗಾಯಕರು ಇಬ್ಬರೋ ಮೂವರೋ ಇದ್ದಾರೆ. ಅವರಲ್ಲಿ ಒಬ್ಬರನ್ನು ಜೂನ್ ತಿಂಗಳಿನಿಂದ ಮಾರ್ಚ್‌ವರೆಗೆ, ಉಳಿದ ಅರೆಕಾಲಿಕ ಶಿಕ್ಷಕರಿಗೆ ಕೊಡುವಷ್ಟೇ ಸಂಭಾವನೆಯನ್ನು ತಿಂಗಳು ತಿಂಗಳು ಕೊಟ್ಟು ನೇಮಿಸಿಕೊಳ್ಳಬೇಕು. ಧ್ವನಿವರ್ಧಕದ ಬಾಡಿಗೆಯಲ್ಲಿ ಉಳಿಯುವ ಹಣವನ್ನು ಅದಕ್ಕೆ ಸೇರಿಸಬಹುದು.